ಗೊಲ್ಲಾಳಮ್ಮನ ಗುಟ್ಟಿ ಬೆರಳು

ನಮ್ಮ ಕಾಲುವೆ ಕ್ಯಾಂಪಿನಲ್ಲಿ ಆಗ ಎರಡಕ್ಕೆ ಭಾರಿ ಮರ್ಯಾದೆಯಿತ್ತು. ಒಂದು ಸಾಹೇಬರ ಜೀಪು, ಇನ್ನೊಂದು ಗೊಲ್ಲಾಳಮ್ಮನ ಬಲಗೈ ತೋರುಬೆರಳು. ಜೀಪು ಅರ್ಧ ವಾರ ಕೆಟ್ಟು ನಿಂತಿರುತ್ತಿತ್ತು. ಬೆರಳು ಮಾತ್ರ ಒಂದು ದಿನವೂ ರಜೆ ಹಾಕಿದ್ದಿಲ್ಲ.

ನಾರಾಯಣಪುರದ ಅಣೆಕಟ್ಟಿನ ನೀರು ಶಹಾಪುರದ ಕಡೆ ಹರಿಯತೊಡಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಕಾಲುವೆ ಕಾಯುವವರು, ಗೇಟು ಎತ್ತುವವರು, ನೀರಿನ ಅಳತೆ ನೋಡುವವರು, ಇವರೆಲ್ಲರ ಮೇಲೆ ಕೂಗಾಡಲು ಒಬ್ಬ ಸಾಹೇಬರು, ಇಷ್ಟು ಜನಕ್ಕೆಂದು ಸುರಪುರದ ರಸ್ತೆ ಬದಿಗೆ ಒಂದು ಸಾಲು ಕ್ವಾರ್ಟರ್ಸ್ ಕಟ್ಟಿದ್ದರು. ಗೋಡೆ ಎಷ್ಟು ತೆಳು ಎಂದರೆ ಪಕ್ಕದ ಮನೆಯವರು ಸೀನಿದರೆ ನಾವು ಮೂಗು ಒರೆಸಿಕೊಳ್ಳಬೇಕು. ನನ್ನ ಗಂಡ ಅಂಬ್ರಪ್ಪ ಮಾಸ್ತರರು ಕ್ಯಾಂಪಿನ ಶಾಲೆಗೆ ಬಂದದ್ದರಿಂದ ನಮಗೂ ಅಲ್ಲೊಂದು ಮನೆ ಸಿಕ್ಕಿತ್ತು. ನನ್ನ ಮಕ್ಕಳು ಆಗಲೇ ಶಾಲೆಗೆ ಹೋಗುವಷ್ಟು ದೊಡ್ಡವರು. ಹಾಗಾಗಿ ಪಕ್ಕದ ಮನೆಯ ಸಂಸಾರದಲ್ಲಿ ಮೂಗು ತೂರಿಸಲು ನನಗೆ ಬೇಕಾದಷ್ಟು ಪುರಸೊತ್ತು ಇತ್ತು.

ಪಕ್ಕದ ಮನೆಯೇ ಗೊಲ್ಲಾಳಮ್ಮನದು. ತಿಂಥಣಿ ಕಡೆಯ ಹೆಣ್ಣುಮಗಳು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಮಗನನ್ನು ಸಾಕಿದವಳು. ಮಗ ದೇವಿಂದ್ರ ಕಾಲುವೆಯ ಗೇಟು ತಿರುಗಿಸುವ ಕೆಲಸದವನು. ಬಾಗಿಲಿಗೆ ಬಗ್ಗಿ ಒಳಗೆ ಬರಬೇಕಾದಷ್ಟು ಎತ್ತರದ ಆಳು. ತುಕ್ಕು ಹಿಡಿದ ಗೇಟನ್ನು ಒಬ್ಬನೇ ಎತ್ತುತ್ತಿದ್ದ, ಅವ್ವನ ಎದುರು ಒಂದು ಮಾತು ಎತ್ತುವುದು ಮಾತ್ರ ಅವನ ಕೈಲಿ ಆಗುತ್ತಿರಲಿಲ್ಲ. ಅವನ ಹೆಂಡತಿ ಮರಿಲಿಂಗಮ್ಮ. ಬಳಿಚಕ್ರದ ಕಡೆಯಿಂದ ಬಂದ ಸಣ್ಣ ವಯಸ್ಸಿನ ಹುಡುಗಿ, ಚೊಚ್ಚಲ ಬಾಣಂತಿ. ಕೂಸಿಗೆ ಮೌನೇಶ ಎಂದು ಹೆಸರಿಟ್ಟಿದ್ದರು, ಅದರ ಗಂಟಲು ಮಾತ್ರ ಸಾಹೇಬರ ಜೀಪಿನ ಹಾರನ್ನಿಗೆ ಹೇಳಿ ಮಾಡಿಸಿದಂತಿತ್ತು.

ಇನ್ನು ಬೆರಳಿನ ವಿಷಯ. ಎಳೆಗೂಸಿಗೆ ಬೆಳಿಗ್ಗೆ ಗುಟ್ಟಿ ಹಾಕುವುದು ನಮ್ಮ ಕಡೆಯ ಪದ್ಧತಿ. ಬಜೆ ಬೇರು, ಅಳಲೆಕಾಯಿ, ಜಾಜಿಕಾಯಿಗಳನ್ನು ಸಾಣೆಕಲ್ಲಿನ ಮೇಲೆ ಒಂದಿಷ್ಟು ಎದೆಹಾಲು ಬಿಟ್ಟು ತೇಯ್ದು, ಬೆರಳಿನಿಂದ ಬಳಿದು ಕೂಸಿನ ನಾಲಗೆಗೆ ನೆಕ್ಕಿಸುತ್ತಾರೆ. ಇದನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಕೈಗುಣ ಅನ್ನುವುದು ಒಂದಿದೆಯಲ್ಲ. ಗೊಲ್ಲಾಳಮ್ಮ ಗುಟ್ಟಿ ಹಾಕಿದ ಕೂಸಿಗೆ ಹೊಟ್ಟೆನೋವು ಬರುವುದಿಲ್ಲ, ದೃಷ್ಟಿ ತಾಕುವುದಿಲ್ಲ, ಗಡದ್ದಾಗಿ ನಿದ್ದೆ ಮಾಡುತ್ತದೆ ಎಂದು ಕ್ಯಾಂಪಿನಲ್ಲೆಲ್ಲ ಹೆಸರಾಗಿತ್ತು. ಆ ಹೆಸರನ್ನು ಮನೆ ಮನೆಗೆ ಹಬ್ಬಿಸಿದವಳೂ ಗೊಲ್ಲಾಳಮ್ಮನೇ.

ಬೆಳಿಗ್ಗೆ ಸೊಸೆಯ ಹಾಲಿನಲ್ಲಿ ಗುಟ್ಟಿ ತೇಯ್ದು ಮೊದಲು ಮೊಮ್ಮಗನ ಬಾಯಿಗೆ ಬೆರಳು ಇಡುತ್ತಿದ್ದಳು. ಆಮೇಲೆ ಅದೇ ಕಲ್ಲನ್ನು ಮಗುವಿನಂತೆ ಅಂಗೈ ಮೇಲೆ ಹೊತ್ತುಕೊಂಡು ಮದೀನಾಬೀಯ ಮನೆ, ಅಲ್ಲಿಂದ ಸಾಯಬಮ್ಮನ ಮನೆ, ಅಲ್ಲಿಂದ ಮುಂದೆ. ಈ ಸುತ್ತು ಮುಗಿಯುವ ತನಕ ಬೆರಳಿಗೆ ನೀರು ತಾಕುವಂತಿರಲಿಲ್ಲ. ಒಂದು ಸಲ ನಾನೇ ಬಾಯಿಬಿಟ್ಟು, "ಮನಿಗೊಂದು ಸಲ ಕೈ ತೊಳಕೋ ಬಾರದೇನ್ರಿ" ಎಂದಿದ್ದೆ.

"ನೀರು ಬಿದ್ರ ಗುಣ ಹರಕೊಂಡು ಹೋಗ್ತದ ಅಯ್ಯಮ್ಮ," ಎಂದಳು. "ನೀ ಮಾಸ್ತರ ಹೆಂಡತಿ. ನಿನಗ ಇದೆಲ್ಲ ತಿಳಿಯಂಗಿಲ್ಲ."

ಬೆರಳನ್ನು ಅವಳು ಒರೆಸುತ್ತಿದ್ದದ್ದು ಸೆರಗಿಗೆ. ಆ ಸೆರಗಿಗೆ ಬೆಳಗಿನಿಂದ ಒಲೆಯ ಮಸಿ, ಎಮ್ಮೆಯ ಹಗ್ಗ, ಎಲೆಯಡಿಕೆಯ ಸುಣ್ಣ, ಮೊಮ್ಮಗನ ಮೂಗು ಎಲ್ಲದರ ಪರಿಚಯ ಆಗಿರುತ್ತಿತ್ತು. ಅವಳು ಹೋಗದ ಮನೆ ಎಂದರೆ ಸಾಹೇಬರದು ಒಂದೇ. ಸಾಹೇಬರೂ ಅವರ ಹೆಂಡತಿಯೂ ಮೈಸೂರು ಕಡೆಯವರು. ಆಕೆ ತನ್ನ ಮಗಳನ್ನು ಯಾರೂ ಮುಟ್ಟದ ಹಾಗೆ ಟವೆಲಿನಲ್ಲಿ ಸುತ್ತಿಟ್ಟುಕೊಂಡಿದ್ದಳು. ಹಾಗಂತ ನಾವು ನಂಬಿದ್ದೆವು.

ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಮರಿಲಿಂಗಮ್ಮ ಗೋಡೆಯ ಆಚೆ ಬಂದು ನಿಂತಳು. ಕಣ್ಣು ಕೆಂಪಾಗಿದ್ದವು.

"ಅಕ್ಕಾ, ಕೂಸನ್ನ ಎದಿಗಿ ಹಚ್ಚಿದ್ರ ಮೆಣಸಿನಪುಡಿ ಸವರಿದಂಗ ಉರೀತದ್ರಿ," ಎಂದಳು. "ಅವನೂ ಒಂದೆರಡು ಸಲ ಚೀಪತಾನ, ಬಾಯಿ ಬಿಟ್ಟು ಅಳ್ತಾನ. ಬಾಯಾಗ ನೋಡಿದ್ರ ಎಲ್ಲಾ ಬೆಳ್ಳಗ."

"ನಿಮ್ಮ ಅತ್ತಿ ಮುಂದ ಹೇಳಿದೇನು?"

"ಹೇಳೀನ್ರಿ. ನನ್ನ ಹಾಲು ಕೆಟ್ಟದಂತ. ಕೆಟ್ಟ ಹಾಲು ಒಡೆದು ನಾಲಗಿ ಮ್ಯಾಲ ಕೂತದಂತ."

ಗೊಲ್ಲಾಳಮ್ಮ ತೀರ್ಪನ್ನೂ ಕೊಟ್ಟಾಗಿತ್ತು. ಸಂತೆಯ ದಿನ ದೇವಿಂದ್ರ ಸುರಪುರಕ್ಕೆ ಹೋಗಿ ಹಾಲಿನ ಬಾಟಲಿ ಒಂದು, ಮಲ್ಲಿಗೆ ಮಾಲೆ ಒಂದು ತರಬೇಕು. ಬಾಟಲಿಯಲ್ಲಿ ಕೂಸಿಗೆ ಎಮ್ಮೆಯ ಹಾಲು. ಮಲ್ಲಿಗೆ ಮುಡಿಯಲಿಕ್ಕಲ್ಲ, ಎದೆಗೆ ಕಟ್ಟಲಿಕ್ಕೆ. ಹೂ ಕಟ್ಟಿದರೆ ಬಾಣಂತಿಯ ಹಾಲು ಬತ್ತುತ್ತದೆ ಎಂದು ನಮ್ಮ ಹಿರಿಯರ ಲೆಕ್ಕ.

"ನನಗ ಕುಡಸಬೇಕಂತ ಅದ ಅಕ್ಕಾ," ಎಂದಳು ಮರಿಲಿಂಗಮ್ಮ. "ಉರಿದ್ರ ಉರೀಲಿ. ಖರೇನೇ ಕೆಟ್ಟಿದ್ರ ಏನು ಮಾಡ್ಲಿ? ನನ್ನ ಕೈಯಾರೆ ಅವನಿಗಿ ವಿಷ ಉಣಿಸಿದಂಗ ಆಗ್ತದಲ್ರಿ."

ನನಗೆ ಮೈಯೆಲ್ಲ ಉರಿದುಹೋಯಿತು. ಸೆರಗು ಸಿಕ್ಕಿಸಿಕೊಂಡು ಹೋಗಿ ಗೊಲ್ಲಾಳಮ್ಮನ ಜೊತೆ ವಾದಕ್ಕೆ ನಿಂತೆ. ವಾದ ಮಾಡುವುದರಲ್ಲಿ ನನ್ನದು ಎತ್ತಿದ ಕೈ ಎಂದು ನನ್ನ ಗಂಡ ಹೇಳುತ್ತಿರುತ್ತಾರೆ. ಗೊಲ್ಲಾಳಮ್ಮ ನನ್ನ ಮಾತನ್ನೆಲ್ಲ ಸಮಾಧಾನವಾಗಿ ಕೇಳಿ, ಎಲೆಗೆ ಸುಣ್ಣ ಹಚ್ಚಿ, "ಚಾ ಕುಡೀತಿಯೇನು?" ಎಂದಳು. ನಾನು ಚಹಾ ಕುಡಿದು ಸೋತು ಮನೆಗೆ ಬಂದೆ.

ಅದೃಷ್ಟಕ್ಕೆ ಮರುದಿನ ಮಧ್ಯಾಹ್ನ ನರ್ಸಬಾಯಿ ಲಾಲಮ್ಮ ಲಸಿಕೆಯ ಡಬ್ಬಿ ಹಿಡಿದು ಕ್ಯಾಂಪಿಗೆ ಬಂದಳು. ಅವಳ ಕೈ ಹಿಡಿದು ಎಳೆದುಕೊಂಡು ಹೋಗಿ ಮೌನೇಶನ ಮುಂದೆ ಕೂಡಿಸಿದೆ. ಅವನು ಎಂದಿನಂತೆ ಹಾರನ್ನು ಬಾರಿಸುತ್ತಿದ್ದುದರಿಂದ ಬಾಯಿ ತೆರೆಸುವ ಕಷ್ಟವಿರಲಿಲ್ಲ. ಲಾಲಮ್ಮ ಒಂದು ಶುಭ್ರ ಬಟ್ಟೆಯ ತುದಿಯಿಂದ ನಾಲಗೆಯನ್ನು ಮೆಲ್ಲಗೆ ಒರೆಸಿದಳು. ಬಿಳುಪು ಹೋಗಲಿಲ್ಲ.

"ಹಾಲಾಗಿದ್ರ ಒರೆಸಿದ ಕೂಡ್ಲೇ ಹೋಗ್ತಿತ್ತು," ಎಂದಳು. "ಇದು ಬೂಸ್ಟು. ರೊಟ್ಟಿಗಿ ಹಿಡೀತದಲ್ಲ, ಆ ಜಾತಿದು."

"ನನ್ನ ಮೊಮ್ಮಗ ಏನು ಹಳಸಿದ ರೊಟ್ಟಿ ಕಂಡನೇನು ನಿನಗ?" ಎಂದಳು ಗೊಲ್ಲಾಳಮ್ಮ.

"ಹಂಗಲ್ಲವ್ವಾ. ಹಾಲಿಗಿ ಏನೂ ಆಗಿಲ್ಲ. ಇವನ ಬಾಯಾಗ ಬೂಸ್ಟು ಅದ, ಅಕಿ ತೊಟ್ಟಿನ ಮ್ಯಾಲ ಅದ. ಅದಕ್ಕ ಅಕಿಗಿ ಉರಿ. ಔಷಧ ಹಚ್ಚೂದಾದ್ರ ಇಬ್ಬರಿಗೂ ಕೂಡೇ ಹಚ್ಚಬೇಕು. ಒಬ್ಬರಿಗಷ್ಟೇ ಹಚ್ಚಿದ್ರ ಇವನಿಂದ ಅಕಿಗಿ, ಅಕಿಯಿಂದ ಇವನಿಗಿ, ಬೀಗರು ಒಬ್ಬರ ಮನಿಗಿ ಒಬ್ಬರು ಹೋಗಿ ಬಂದಂಗ ತಿರಗತಾನೇ ಇರ್ತದ."

ಡಬ್ಬಿಯಿಂದ ಒಂದು ಸಣ್ಣ ಸೀಸೆ ತೆಗೆದಳು. ಆಗಿನ ಕಾಲದಲ್ಲಿ ಬಾಯಿಯ ಹುಣ್ಣಿಗೆಲ್ಲ ಅದೇ ನೇರಳೆ ಬಣ್ಣದ ಔಷಧ. ನೀಲಿ ಔಷಧ ಎಂದೇ ಎಲ್ಲರೂ ಕರೆಯುತ್ತಿದ್ದರು. ಬಟ್ಟೆಗೆ ಬಿದ್ದರೆ ಬಟ್ಟೆ ಹರಿಯುವ ತನಕ ಜೊತೆಗಿರುತ್ತದೆ. ಹತ್ತಿಯ ಕಡ್ಡಿ ಅದ್ದಿ ಮೌನೇಶನ ಬಾಯಿಗೆ ಬಳಿದಾಗ ಅವನು ಒಂದು ಗಳಿಗೆ ಸುಮ್ಮನಾಗಿ, ತನಗೆ ಇದು ಒಪ್ಪಿಗೆಯೋ ಅಲ್ಲವೋ ಎಂದು ಯೋಚಿಸಿದಂತೆ ಮಾಡಿ, ಆಮೇಲೆ ನೀಲಿ ನಾಲಗೆ ಚಾಚಿ ಮತ್ತೂ ಜೋರಾಗಿ ಅತ್ತ. ಮರಿಲಿಂಗಮ್ಮನನ್ನು ಒಳಗೆ ಕರೆದೊಯ್ದು ಅವಳಿಗೂ ಹಚ್ಚಿದಳು. ಹಾಲು ಕುಡಿಸಿದ ಮೇಲೆ ಹಚ್ಚು, ಬಿಳುಪು ಹೋದ ಕೂಡಲೇ ನಿಲ್ಲಿಸಬೇಡ, ನಾನು ಹೇಳುವ ತನಕ ಹಚ್ಚು, ಕೂಸನ್ನು ಮುಟ್ಟುವ ಮೊದಲೂ ಆಮೇಲೂ ಸಾಬೂನಿನಿಂದ ಕೈ ತೊಳಿ, ನಿನ್ನ ಕುಪ್ಪಸ, ಕೂಸಿನ ಬಟ್ಟೆ ಎಲ್ಲ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕು ಎಂದು ಹೇಳಿದಳು. ಬಿಸಿಲಿಗೆ ನಮ್ಮ ಕಡೆ ಬರವಿಲ್ಲ. ಇದೆಲ್ಲವನ್ನೂ ಅವಳು ಹೇಳಿದ್ದು ಮರಿಲಿಂಗಮ್ಮನಿಗೆ ಮಾತ್ರ. ಗೊಲ್ಲಾಳಮ್ಮ ಪಕ್ಕದಲ್ಲೇ, ಬೆರಳನ್ನು ಮಡಿಲಲ್ಲಿಟ್ಟುಕೊಂಡು, ಇದ್ಯಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಕೂತಿದ್ದಳು.

ಲಾಲಮ್ಮ ಹೋದ ಮೇಲೆ ಗೊಲ್ಲಾಳಮ್ಮ, "ಸಂತಿ ತನಕ ಹಚ್ಚಲಿ," ಎಂದಳು. "ಸಂತಿ ದಿನ ಬಾಟ್ಲಿ ಬರ್ತದ."

ಮರುದಿನ ಬೆಳಿಗ್ಗೆ ಲಾಲಮ್ಮ ಹೇಳಿದ್ದನ್ನೆಲ್ಲ ಮರಿಲಿಂಗಮ್ಮ ಚಾಚೂ ತಪ್ಪದೆ ಮಾಡಿದಳು. ಕೈ ತೊಳೆದಳು, ಕುಡಿಸಿದಳು, ಕೂಸಿನ ಬಾಯಿಗೆ ಬಳಿದಳು, ತನಗೂ ಬಳಿದುಕೊಂಡಳು. ಔಷಧ ಇನ್ನೂ ಹಸಿಯಾಗಿದ್ದಾಗಲೇ ಗೊಲ್ಲಾಳಮ್ಮ ಸಾಣೆಕಲ್ಲು ಹಿಡಿದು ಬಂದು ಕೂತು, ಗುಟ್ಟಿ ಬಳಿದ ಬೆರಳನ್ನು ಮೊಮ್ಮಗನ ಬಾಯಿಗೆ ಇಟ್ಟಳು. ಬೆರಳು ನೀಲಿಯಾಯಿತು. ಅದೇ ಬೆರಳನ್ನು ಮತ್ತೆ ಕಲ್ಲಿನ ಮೇಲೆ ಆಡಿಸಿದಳು, ಗುಟ್ಟಿಯೂ ನೀಲಿಯಾಯಿತು. ಅವಳ ಕಣ್ಣಿಗೆ ಪೊರೆ ಬಂದಿತ್ತು. ಬಂದಿಲ್ಲ ಎಂದು ಅವಳ ವಾದ. ಹಾಗಾಗಿ ನೀಲಿ ಕಾಣಲೂ ಇಲ್ಲ, ಕಂಡಿದೆ ಎಂದು ಒಪ್ಪುವ ಪ್ರಶ್ನೆಯೂ ಇರಲಿಲ್ಲ. ಕಲ್ಲು ಎತ್ತಿಕೊಂಡು ಎಂದಿನ ಸುತ್ತಿಗೆ ಹೊರಟಳು.

ಸ್ವಲ್ಪ ಹೊತ್ತಿಗೆ ಮದೀನಾಬೀ ತನ್ನ ಕೂಸನ್ನು ಎತ್ತಿಕೊಂಡು ಬೀದಿಗೆ ಓಡಿ ಬಂದಳು.

"ಯಾ ಅಲ್ಲಾ, ನನ್ನ ಕೂಸಿನ ನಾಲಗಿ ನೋಡ್ರಿ," ಎಂದಳು. "ನೀಲಿ ಆಗ್ಯಾದ. ನಾ ಯಾವ ಔಷಧಾನೂ ಹಚ್ಚಿಲ್ಲ."

ಹಿಂದೆಯೇ ಸಾಯಬಮ್ಮ ಬಂದಳು. ಅವಳ ಮಗಳ ತುಟಿ, ಗಲ್ಲ, ಗದ್ದ ಎಲ್ಲ ನೇರಳೆ ಹಣ್ಣು ತಿಂದು ಬಂದ ಹಾಗೆ ಆಗಿದ್ದವು. ಕ್ಯಾಂಪಿನಲ್ಲಿ ನೀಲಿ ರೋಗ ಬಂದಿದೆ ಎಂದು ಸುದ್ದಿ ಹಬ್ಬಲು ಎಷ್ಟು ಹೊತ್ತು. ಗೋಡೆಗಳು ತೆಳು ಎಂದು ಮೊದಲೇ ಹೇಳಿದೆನಲ್ಲ. ಔಷಧ ಹಚ್ಚಿದ್ದು ಮೌನೇಶನಿಗೂ ಅವನ ತಾಯಿಗೂ ಮಾತ್ರ, ಬೆಳಗಿನ ಬೆರಳಿನ ಕತೆ ನನಗೂ ಗೊತ್ತಾದದ್ದು ಆಮೇಲೆ.

ಗಂಡಸರು ಕೂಡಲೇ ಸಭೆ ಸೇರಿದರು. ಮಕ್ಕಳನ್ನು ಒಂದು ದಿನವಾದರೂ ಎತ್ತಿ ಆಡಿಸದವರಿಗೆ ಅವುಗಳ ರೋಗದ ವಿಷಯದಲ್ಲಿ ಎಲ್ಲ ಗೊತ್ತಿತ್ತು. ಕಾಲುವೆಯ ನೀರಿನಲ್ಲಿ ಏನೋ ಬೆರೆತಿದೆ ಎಂದು ಒಬ್ಬ. ಮೇಲಿನ ಹೊಲದವರು ಗದ್ದೆಗೆ ಸುರಿದ ಗೊಬ್ಬರ ಎಂದು ಇನ್ನೊಬ್ಬ. ನನ್ನ ಗಂಡ ಮಾಸ್ತರರು ನೆಲದೊಳಗಿನ ತಾಮ್ರದ ಅಂಶದ ಬಗ್ಗೆ ಪಾಠವನ್ನೇ ಮಾಡಿದರು. ಶಾಲೆಯಲ್ಲಿಯೂ ಇಷ್ಟು ಹುರುಪಿನಿಂದ ಮಾಡಿದ್ದನ್ನು ನಾನು ಕೇಳಿಲ್ಲ. ಸುದ್ದಿ ಮುಟ್ಟಿದ ಮೇಲೆ ಸಾಹೇಬರು ಕಿಟಕಿಯಿಂದಲೇ ಅಪ್ಪಣೆ ಕೊಟ್ಟರು. ಗೇಟು ಇಳಿಸಿ, ನೀರಿನ ಸ್ಯಾಂಪಲ್ ತೆಗೆಯಿರಿ. ದೇವಿಂದ್ರ ಹೋಗಿ ಗೇಟು ಇಳಿಸಿದ. ನೀರು ನಿಂತದ್ದು ಕಂಡು ಕೆಳಗಿನ ಗದ್ದೆಗಳ ರೈತರು ಬೈಯುತ್ತ ಬಂದರು. ಬಂದವರಲ್ಲಿ ಒಬ್ಬ, ತಿಮ್ಮಣ್ಣ ಎಂದು, ಪ್ರತಿ ಕೂಸಿನ ಬಾಯಿಯಲ್ಲೂ ಎತ್ತಿನ ಹಲ್ಲು ನೋಡುವವನಂತೆ ಇಣುಕಿ ನೋಡಿ, "ಈ ನೀರು ಕುಡಿದ್ರ ನಮ್ಮ ನೆಲ್ಲೂ ನೀಲಿ ಬೆಳೀತದೇನ್ರಿ?" ಎಂದು ವಿಚಾರಿಸಿದ.

ಇಷ್ಟಾಗಿದ್ದರೆ ನಗಬಹುದಿತ್ತು. ಆದರೆ ಹೆಂಗಸರ ತಲೆ ಬೇರೆ ಕಡೆ ಓಡಿತು.

"ಗುಟ್ಟಿ ತೇಯ್ದದ್ದು ಯಾರ ಹಾಲಿನ್ಯಾಗ?" ಎಂದು ಸಾಯಬಮ್ಮ ಕೇಳಿದಳು.

ಎಲ್ಲರೂ ತಿರುಗಿ ಮರಿಲಿಂಗಮ್ಮನನ್ನು ನೋಡಿದರು. ಕೂಸನ್ನು ಎದೆಗೊತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದ ಹುಡುಗಿಯ ಮುಖ ಬಿಳಿಚಿಹೋಯಿತು.

"ನಾ ಹೇಳಿರ್ಲಿಲ್ಲೇನು, ಹಾಲು ಕೆಟ್ಟದಂತ," ಎಂದಳು ಗೊಲ್ಲಾಳಮ್ಮ. ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡಿದ್ದಳು. ಯಾರೋ ಅವಳ ಬೆರಳು ನೋಡಿ ಏನಿದು ಎಂದು ಕೇಳಿದ್ದರಂತೆ, ಆಗ ಕಣ್ಣ ಹತ್ತಿರ ಹಿಡಿದು ನೋಡಿಕೊಂಡು, ಕೆಟ್ಟ ಹಾಲಿನ ವಿಷ ಬೆರಳಿಗೂ ಏರಿತು ಎಂದು ಹೆದರಿದ್ದಳು. ಅದನ್ನು ಅವಳು ಹೇಳಿದ್ದು ಆಮೇಲೆ. ಆಗ ಮಾತ್ರ, "ಸಂತಿ ಗಿಂತಿ ಬ್ಯಾಡ. ದೇವಿಂದ್ರ, ಈಗೇ ಹೋಗು. ಬಾಟ್ಲಿ ತಗೊಂಡು ಬಾ, ಹೂ ತಗೊಂಡು ಬಾ," ಎಂದಳು.

ದೇವಿಂದ್ರ ಹೆಂಡತಿಯ ಕಡೆ ನೋಡಿದ. ಅವ್ವನ ಕಡೆ ನೋಡಿದ. ಚೀಲ ಹಿಡಿದು ಸುರಪುರದ ಬಸ್ಸು ಹತ್ತಿದ. ಅವನ ಆ ಎತ್ತರಕ್ಕೆ ಬೆಂಕಿ ಹಾಕಬೇಕು ಅನ್ನಿಸಿತು ನನಗೆ.

ಬಸ್ಸು ಹಿಂದಿರುಗುವುದರೊಳಗೆ ಏನಾದರೂ ಮಾಡಲೇಬೇಕು. ತಾಮ್ರದ ಪಾಠ ಮುಂದುವರಿಸುತ್ತಿದ್ದ ನನ್ನ ಗಂಡನನ್ನು ಸೈಕಲ್ ಹತ್ತಿಸಿ ಲಾಲಮ್ಮನನ್ನು ಕರೆತರಲು ಓಡಿಸಿದೆ. ಆಮೇಲೆ ಮರಿಲಿಂಗಮ್ಮನ ಹತ್ತಿರ ಹೋದೆ. ಕೂಸು ಹಸಿದು ಅಳುತ್ತಿತ್ತು. ಅವಳು ಕುಡಿಸದೆ ಕೂತಿದ್ದಳು.

"ಕುಡಸು," ಎಂದೆ.

"ಎಲ್ಲರ ಕೂಸಿಗೂ ನನ್ನಿಂದಾನೇ ಆತಂತಲ್ರಿ."

"ನಾ ಕುಡಸು ಅಂದೆ."

ಗೋಡೆಯ ಕಡೆ ಮುಖ ಮಾಡಿ ಕುಡಿಸಿದಳು. ಭುಜ ಅಲುಗುತ್ತಿದ್ದವು. ಅಳುತ್ತಿದ್ದಳೋ, ಉರಿಗೆ ಹಲ್ಲು ಕಚ್ಚಿದ್ದಳೋ, ನಾನು ಕೇಳಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಲಾಲಮ್ಮ ಬಂದಳು. ಅಷ್ಟರಲ್ಲಿ ಕ್ಯಾಂಪಿನ ನಲ್ಲಿಯ ಹತ್ತಿರ ಊರೇ ಸೇರಿತ್ತು. ಸಾಹೇಬರು ನೀರಿನ ಬಾಟಲಿ ಕೈಯಲ್ಲಿ ಹಿಡಿದು ಗಂಭೀರವಾಗಿ ನಿಂತಿದ್ದರು.

"ಯಾರೂ ಗಾಬರಿ ಆಗಬೇಡಿ," ಎಂದರು. "ಇದು ನೀರಿನ ಮೂಲಕ ಬಂದಿರುವ ಸಮಸ್ಯೆ. ಸ್ಯಾಂಪಲ್ ಕಳಿಸ್ತಾ ಇದ್ದೀವಿ. ದೊಡ್ಡವರಿಗೆ ಇದು ತಗಲೋದಿಲ್ಲ."

ಲಾಲಮ್ಮ ಅವರನ್ನೇ ನೋಡುತ್ತಿದ್ದಳು. "ಸಾಹೇಬ್ರ, ತಪ್ಪು ತಿಳಕೋಬ್ಯಾಡ್ರಿ. ನಿಮ್ಮ ಮೀಸಿಗಿ ಏನಾಗ್ಯಾದ್ರಿ?"

ಸಾಹೇಬರ ಬಿಳಿ ಬೆರೆತ ಮೀಸೆಯ ಒಂದು ಬದಿ ಚೆನ್ನಾಗಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಕೆನ್ನೆಯ ಮೇಲೆ ಪುಟ್ಟ ಬಾಯಿಯ ಗುರುತು ಒಂದು ಅಚ್ಚೊತ್ತಿತ್ತು. ಬೆಳಿಗ್ಗೆಯಿಂದ ಅವರ ಮುಂದೆ ಕೈ ಕಟ್ಟಿ ನಿಂತ ಯಾರಿಗೂ ಅದನ್ನು ಹೇಳುವ ಧೈರ್ಯ ಆಗಿರಲಿಲ್ಲ.

"ಮಗಳಿಗೆ ಮುತ್ತು ಕೊಟ್ಟೆ ಅಷ್ಟೆ," ಎಂದರು ಸಾಹೇಬರು, ಮೀಸೆ ಮುಟ್ಟಿಕೊಳ್ಳುತ್ತ.

ಲಾಲಮ್ಮ ಕೇಳಿದ ಮೇಲೆ ಅವರ ಹೆಂಡತಿ ಟವೆಲಿನಲ್ಲಿ ಸುತ್ತಿದ ಮಗುವನ್ನು ಹೊರಗೆ ತಂದಳು. ಟವೆಲು ಸರಿಸಿದರೆ ಇಡೀ ಕ್ಯಾಂಪಿನಲ್ಲೇ ಹೆಚ್ಚು ನೀಲಿ ಇದ್ದ ಬಾಯಿ ಅದು.

"ನಿಮ್ಮ ಕೂಸಿಗೂ ಗುಟ್ಟಿ ಹಾಕಸ್ತೀರೇನ್ರಿ?"

ಆಕೆ ನೆಲ ನೋಡಿದಳು. "ರಾತ್ರಿಯೆಲ್ಲ ಮಲಗ್ತಾನೇ ಇರಲಿಲ್ಲ ಮಗು. ಹಿತ್ತಲ ಬಾಗಿಲಿಂದ ಬಂದು ಹೋಗಿ ಅಂತ ಅಜ್ಜಿಗೆ ನಾನೇ ಹೇಳಿದ್ದೆ."

ಲಾಲಮ್ಮ ಮಕ್ಕಳ ಬಾಯಿಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ನಗು ತಡೆದುಕೊಂಡು, "ಈ ಕೂಸುಗಳ ಬಾಯಾಗೆಲ್ಲ ಬೆರಳು ಇಟ್ಟವರು ಯಾರು?" ಎಂದಳು.

ಅಷ್ಟು ಜನರ ಕತ್ತೂ ಒಂದೇ ಕಡೆ ತಿರುಗಿತು. ಗೊಲ್ಲಾಳಮ್ಮ ಸೆರಗನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು. ಲಾಲಮ್ಮ ಹತ್ತಿರ ಹೋಗಿ ಮೆಲ್ಲಗೆ ಕೈ ಹೊರಗೆ ಎಳೆದಳು. ಓಟು ಹಾಕಿದವರಿಗೆ ಹಚ್ಚುವ ಶಾಯಿಯಲ್ಲಿ ಬೆರಳನ್ನು ಪೂರ್ತಿ ಅದ್ದಿ ತೆಗೆದಂತಿತ್ತು.

ಮೊದಲು ನಕ್ಕವಳು ಮದೀನಾಬೀ. ಆಮೇಲೆ ಎಲ್ಲರೂ. ತಿಮ್ಮಣ್ಣನಂತೂ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಹೇಬರು ನೀರಿನ ಸ್ಯಾಂಪಲನ್ನು ಯಾರೂ ನೋಡದಂತೆ ಚೆಲ್ಲಿ, ಗೇಟು ಎತ್ತಲು ಬೇರೆಯವರನ್ನು ಅಟ್ಟಿದರು. ನನ್ನ ಗಂಡ ಮಾತ್ರ, "ಆದರೂ ತಾಮ್ರದ ಅಂಶವನ್ನು ಪೂರ್ತಿ ಅಲ್ಲಗಳೆಯುವಂತಿಲ್ಲ," ಎಂದರು. ಮಾಸ್ತರರಲ್ಲವೇ.

ಲಾಲಮ್ಮ ನಗುತ್ತಲೇ ಬಟ್ಟೆ ತೆಗೆದು ಮದೀನಾಬೀಯ ಕೂಸಿನ ನಾಲಗೆ ಒರೆಸಿದಳು. ಅವಳ ನಗು ನಿಂತಿತು. ಸಾಯಬಮ್ಮನ ಮಗಳದನ್ನೂ, ಸಾಹೇಬರ ಮಗಳದನ್ನೂ ಒರೆಸಿದಳು. ನೀಲಿಯ ಕೆಳಗೆ ಎಲ್ಲ ಕಡೆಯೂ ಅದೇ ಬಿಳುಪು.

"ನಿಮಗೂ ಉರೀತದೇನು?" ಎಂದು ತಾಯಂದಿರನ್ನು ಕೇಳಿದಳು.

ಮೊದಲು ಮದೀನಾಬೀ ಹೌದೆಂದು ತಲೆಯಾಡಿಸಿದಳು. ಸಾಯಬಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನನ್ನೊಬ್ಬಾಕಿದೇ ಹಾಲು ಕೆಟ್ಟದ ಅನ್ಕೊಂಡಿದ್ದೆ," ಎಂದಳು. ಸಾಹೇಬರ ಹೆಂಡತಿ ಡಬ್ಬಿ ಹಾಲು ಶುರುಮಾಡಿಯೇ ಬಿಟ್ಟಿದ್ದಳಂತೆ. ಹೊರಗೆಲ್ಲ ಮರಿಲಿಂಗಮ್ಮನ ಕಡೆ ಕಣ್ಣು ಬಿಟ್ಟು ನೋಡಿದ ಇದೇ ಹೆಂಗಸರು, ಒಳಗೊಳಗೆ ಒಬ್ಬೊಬ್ಬರೇ ಅವಳಷ್ಟೇ ಹೆದರಿಕೊಂಡು ಕೂತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಯಾರಿಂದ ಶುರು ಆತು ದೇವರಿಗೇ ಗೊತ್ತು," ಎಂದಳು ಲಾಲಮ್ಮ. "ಬೆರಳು ಮನಿ ಮನಿಗಿ ಹಂಚ್ಯಾದ. ನಿನ್ನಿ ನಾ ಒಬ್ಬಾಕಿಗೇ ಕೈ ತೊಳಿ ಅಂದು ಹೋದೆ, ಕೂಸನ್ನ ಮುಟ್ಟೋರು ಯಾರ್ಯಾರು ಅಂತ ಕೇಳ್ಲಿಲ್ಲ. ಈಗ ಎಲ್ಲಾ ಕೂಸುಗೋಳಿಗೂ, ಎಲ್ಲಾ ತಾಯಂದಿರಿಗೂ ಕೂಡೇ ಹಚ್ಚೂದು. ಇನ್ನ ಗುಟ್ಟಿ ಗಿಟ್ಟಿ ಬಂದ್. ಎದಿಹಾಲು ಸಾಕು."

ನಮ್ಮ ಮನೆಯ ಪಡಸಾಲೆಯೇ ದವಾಖಾನೆಯಾಯಿತು. ಗಂಡಸರನ್ನು ಹೊರಗೆ ಹಾಕಿ ಬಾಗಿಲು ಎಳೆದೆ. ಗೋಡೆಗೆ ಒರಗಿ ಸಾಲಾಗಿ ಕೂತ ತಾಯಂದಿರು, ಮಡಿಲಲ್ಲಿ ನೀಲಿ ಬಾಯಿಯ ಕೂಸುಗಳು, ಒಂದು ಅತ್ತರೆ ಎಲ್ಲವೂ ಅಳುವವು. ಮದೀನಾಬೀ ತನ್ನ ಕುಪ್ಪಸದ ಮೇಲಿನ ಕಲೆ ನೋಡಿ, "ಹಬ್ಬಕ್ಕ ಹೊಲಿಸಿದ್ದು," ಎಂದು ನಿಟ್ಟುಸಿರುಬಿಟ್ಟಳು. ಸಾಹೇಬರ ಹೆಂಡತಿ ಮೊದಲ ಸಲ ನಮ್ಮ ಮನೆಯ ನೆಲದ ಮೇಲೆ ಕೂತು, ಮಗಳಿಗೆ ಎದೆ ಕೊಟ್ಟು, ಉರಿಗೆ "ಅಯ್ಯೋ ಅಮ್ಮ" ಎಂದಳು. ಪಕ್ಕದಲ್ಲಿದ್ದ ಸಾಯಬಮ್ಮ ಅವಳ ಕೈ ಹಿಡಿದುಕೊಂಡಳು. ಒಂದು ಮೂಲೆಯಲ್ಲಿ ಬಿಸಿನೀರಿನ ಬೋಗುಣಿಯ ಮುಂದೆ ಗೊಲ್ಲಾಳಮ್ಮನನ್ನು ಕೂಡಿಸಿ, ಅವಳ ಬೆರಳಿಗೆ ಸಾಬೂನು ಹಚ್ಚಿ ನಾನೇ ತಿಕ್ಕಿದೆ. ಬಣ್ಣ ಹೋಗಲಿಲ್ಲ. ಪಾಪ ಅನ್ನಿಸುವ ಬದಲು ಖುಷಿಯಾಗುತ್ತಿತ್ತು ನನಗೆ, ಸುಳ್ಳೇಕೆ ಹೇಳಲಿ.

ಆಗ ಬಾಗಿಲು ಸರಿಸಿ ದೇವಿಂದ್ರ ತಲೆ ಬಗ್ಗಿಸಿ ಇಣುಕಿದ. ಕೈಯಲ್ಲಿ ಚೀಲ. ಚೀಲದಿಂದ ಮಲ್ಲಿಗೆಯ ವಾಸನೆ ಬರುತ್ತಿತ್ತು, ಬಾಟಲಿಯ ರಬ್ಬರು ತುದಿ ಹೊರಗೆ ಕಾಣುತ್ತಿತ್ತು.

"ಬ್ಯಾಡ," ಎಂದಳು ಮರಿಲಿಂಗಮ್ಮ. ಎಲ್ಲರೂ ಅವಳ ಕಡೆ ನೋಡಿದರು. ಅವಳ ದನಿ ಇಷ್ಟು ಗಟ್ಟಿ ಇದೆ ಎಂದು ನಮಗೆ ಗೊತ್ತಿರಲಿಲ್ಲ. "ಬಾಟ್ಲಿ ಬ್ಯಾಡ, ಹೂವೂ ಬ್ಯಾಡ. ಅತ್ತಿ ಬೈದ್ರೂ ಸೈ. ನನ್ನ ಕೂಸಿಗಿ ನಾ ಕುಡಸ್ತೀನಿ."

ಈಗ ಗುಡುಗುತ್ತದೆ ಎಂದು ನಾವೆಲ್ಲ ಗೊಲ್ಲಾಳಮ್ಮನ ಕಡೆ ತಿರುಗಿದೆವು. ಅವಳು ಬೋಗುಣಿಯಲ್ಲಿದ್ದ ತನ್ನ ಬೆರಳನ್ನೇ ನೋಡುತ್ತಿದ್ದಳು.

"ನರ್ಸಬಾಯಿ," ಎಂದಳು. "ಹಾಲು ಕೆಡೂದೇ ಇಲ್ಲೇನು?"

"ತಾಯಿ ಎದಿಯಾಗಿನ ಹಾಲು ಹಂಗ ಕೆಡಂಗಿಲ್ಲವ್ವಾ."

"ಈಗಿನ ಕಾಲದಾಗ ಕೆಡಂಗಿಲ್ಲ. ಹಿಂದಕ ಕೆಡತಿತ್ತೇನು?"

ಲಾಲಮ್ಮ ನಕ್ಕಳು. "ಹಿಂದಕೂ ಇಲ್ಲ, ಮುಂದಕೂ ಇಲ್ಲ."

ಗೊಲ್ಲಾಳಮ್ಮ ನಗಲಿಲ್ಲ. "ನನ್ನ ಕೂಸಿನ ಬಾಯೂ ಬೆಳ್ಳಗಾಗಿತ್ತು," ಎಂದಳು. "ನನಗೂ ಹಿಂಗೇ ಉರೀತಿತ್ತು. ನಮ್ಮತ್ತಿ ಹಾಲು ಕೆಟ್ಟದ ಅಂದ್ಲು. ಹೂ ಕಟ್ಟಿದ್ಲು. ಆಡಿನ ಹಾಲು ಹಾಕಿದ್ರು ಕೂಸಿಗಿ. ತಡೀಲಿಲ್ಲ ಅದಕ್ಕ. ಮಳಿಗಾಲ ಮುಗಿಯೂದ್ರೊಳಗ ಹೋತು." ನೀರಿನಿಂದ ಕೈ ತೆಗೆದು ಒದ್ದೆ ಅಂಗೈಯನ್ನು ನೋಡಿಕೊಂಡಳು. "ನನ್ನ ಹಾಲೇ ಅದನ್ನ ಕೊಂದದ ಅಂತ ತಿಳಕೊಂಡೀನಿ ನಾ, ಇವತ್ತಿನ ತನಕ. ಈ ದೇವಿಂದ್ರ ಹುಟ್ಟಿದಾಗ ಎದಿಗಿ ಹಚ್ಚಾಕ ಅಂಜತಿದ್ದೆ. ಮೊಮ್ಮಗನ ನಾಲಗಿ ಬೆಳ್ಳಗ ಕಂಡ ದಿನದಿಂದ ನಿದ್ದಿ ಬಂದಿಲ್ಲ ನನಗ. ನನ್ನ ಹಾಲು ಕೆಟ್ಟಿರ್ಲಿಲ್ಲೇನು ಹಂಗಾದ್ರ?"

ಆ ಮುದುಕಿಯ ಬೆರಳನ್ನು ಹುರುಪಿನಿಂದ ತಿಕ್ಕಿದ ನನ್ನ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಮರಿಲಿಂಗಮ್ಮ ಕೂಸನ್ನು ಎತ್ತಿಕೊಂಡು ಎದ್ದು ಹೋಗಿ ಅತ್ತೆಯ ಪಕ್ಕದಲ್ಲಿ ಕೂತಳು.

"ಕೆಟ್ಟಿರ್ಲಿಲ್ರಿ ಅತ್ತಿ," ಎಂದಳು. "ನಿಮ್ಮ ಹಾಲು ಛಲೋನೇ ಇತ್ತು."

ದೇವಿಂದ್ರ ಬಾಗಿಲಲ್ಲೇ ನಿಂತಿದ್ದ. ಚೀಲ ಕೆಳಗಿಟ್ಟ. "ಅವ್ವಾ," ಎಂದ. "ನನಗಿಂತ ಮೊದಲ ಒಂದು ಕೂಸು ಇತ್ತೇನು?"

"ಇದ್ದ. ಮಾನಪ್ಪ ಅಂತ ಹೆಸರಿಟ್ಟಿದ್ದೆ," ಎಂದಳು ಗೊಲ್ಲಾಳಮ್ಮ. "ಭಾಳ ಜೋರು ಚೀಪತಿದ್ದ."